ಬದುವೋ, ಕೃಷಿ ಹೊಂಡವೋ, ಬೋರ್ ಮರುಪೂರಣವೋ: ಒಣಭೂಮಿಯಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ ಮುಂಗಾರು ವಾಡಿಕೆಗಿಂತ ಹೆಚ್ಚೇ ಸುರಿಯಿತು. ಮಳೆಯನ್ನೇ ನಂಬಿದ ಹೊಲಕ್ಕೆ ಈಗ ಎರಡೂ ಕಾಟ: ಮೂರು ವಾರ ಹನಿಯೂ ಇರುವುದಿಲ್ಲ, ಬಂದರೆ ಒಂದೇ ರಾತ್ರಿ 60-70 ಮಿ.ಮೀ. ಸುರಿದು ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಇದಕ್ಕೆ ಪರಿಹಾರವೆಂದು ಹೇಳುವ ಕೆಲಸಗಳು ಮುಖ್ಯವಾಗಿ ಮೂರು. ಹೊಲಕ್ಕೆ ಬದು ಹಾಕುವುದು, ಕೃಷಿ ಹೊಂಡ ತೋಡುವುದು, ಕೊಳವೆಬಾವಿಗೆ ಮಳೆನೀರು ಇಂಗಿಸುವುದು. ಮೂರನ್ನೂ ಒಟ್ಟಿಗೆ ಮಾಡುವಷ್ಟು ದುಡ್ಡು ಹೆಚ್ಚಿನವರ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಯಾವುದು ಮೊದಲು ಎಂಬುದೇ ಪ್ರಶ್ನೆ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಇಳಿಜಾರಿರುವ ಕೆಂಪು ಮಣ್ಣಿನ ಹೊಲಕ್ಕೆ ಬದು ಮೊದಲು, ಹೊಂಡ ಆಮೇಲೆ. ಆಳವಾದ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಚೌಕು ಮಡಿ, ಅಂದರೆ ಸಣ್ಣ ಏರಿ ಎಬ್ಬಿಸಿ ಮಾಡುವ ಚೌಕಗಳು ಮೊದಲು, ಅದರ ಜೊತೆಗೇ ಹೊಂಡ. ಬೋರ್ ಮರುಪೂರಣವನ್ನು ಬೋರ್ ನೀರು ಕುಡಿಯುತ್ತದೆಯೇ ಎಂದು ಪರೀಕ್ಷಿಸದೆ ಮುಟ್ಟಬೇಡಿ. ಹಳ್ಳಿಗಳಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಸಹಾಯಧನ ಯಾವುದಕ್ಕೆ ಬಂದಿದೆಯೋ ಅದು ಮೊದಲಾಗುತ್ತದೆ, ಬದು ಕೊನೆಗೂ ಬಾಕಿ ಉಳಿಯುತ್ತದೆ.

ಒಂದು ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಎಕರೆಗೆ 4,047 ಚದರ ಮೀಟರ್. ಅಂದರೆ 25 ಮಿ.ಮೀ.ನ ಒಂದು ಹದ ಮಳೆ ಎಕರೆಗೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್ ಸುರಿಯುತ್ತದೆ. ಮುಂದೆ ಬರುವ ಎಲ್ಲ ಹೋಲಿಕೆಗೂ ಈ ಒಂದು ಲಕ್ಷವೇ ಅಳತೆಗೋಲು.

ಹೊಲದಲ್ಲಿ ನೋಡಬೇಕಾದ್ದು

ಆಯ್ಕೆ ಮಾಡುವ ಮೊದಲು ಅರ್ಧ ದಿನ ಹೊಲದಲ್ಲಿ ಕಳೆಯಿರಿ. ಜೋರು ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಕೊರಕಲು ಬಿದ್ದಿದೆ, ಯಾರ ಹೊಲಕ್ಕೆ ಹೊರಹೋಗುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಇಳಿಜಾರು ಅಳೆಯಲು ಸರ್ವೆ ಯಂತ್ರ ಬೇಡ, ಗಾರೆ ಕೆಲಸದವರ ಬಳಿ ಇರುವ ಪಾರದರ್ಶಕ ಪೈಪು ಸಾಕು. ಸುಮಾರು 15 ಮೀಟರ್ ಉದ್ದದ ಪೈಪಿನ ಎರಡೂ ತುದಿಯನ್ನು ಐದಡಿ ಕೋಲುಗಳಿಗೆ ಕಟ್ಟಿ, ಕೋಲಿನ ಮೇಲೆ ಬುಡದಿಂದ ಸೆಂಟಿಮೀಟರ್ ಗುರುತು ಹಾಕಿ, ನೀರು ತುಂಬಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು, ಉಳಿದರೆ ಅಳತೆಯೇ ತಪ್ಪುತ್ತದೆ. ಒಂದು ಕೋಲನ್ನು ಮೇಲೆ, ಇನ್ನೊಂದನ್ನು ಹತ್ತು ಮೀಟರ್ ಕೆಳಗೆ ನಿಲ್ಲಿಸಿ. ಎರಡು ಕೋಲಿನ ನೀರಿನ ಮಟ್ಟದಲ್ಲಿ 20 ಸೆಂ.ಮೀ. ವ್ಯತ್ಯಾಸ ಬಂದರೆ ಇಳಿಜಾರು ಶೇ 2. ಎರಡರಲ್ಲೂ ಒಂದೇ ಮಟ್ಟ ಬರುವ ಜಾಗಗಳಿಗೆ ಗೂಟ ಹೊಡೆಯುತ್ತ ಹೋದರೆ ಸಮಪಾತಳಿ ಗೆರೆ ಸಿಗುತ್ತದೆ. ಬದು ಹಾಕಬೇಕಾದ್ದು ಈ ಗೆರೆಯ ಮೇಲೆ, ಹಿಸ್ಸೆಯ ಗೆರೆಯ ಮೇಲಲ್ಲ.

ಮಣ್ಣು ಎಷ್ಟು ನೀರು ಇಂಗಿಸುತ್ತದೆ ಎಂದು ತಿಳಿಯಲು ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಸಂಜೆ ನೀರು ತುಂಬಿ. ಮರುದಿನ ಇನ್ನೊಮ್ಮೆ ತುಂಬಿ, ಅಲ್ಲಿಂದ 24 ಗಂಟೆಗೆ ಎಷ್ಟು ಇಳಿಯಿತು ನೋಡಿ. ಮೊದಲ ಸಲದ ಲೆಕ್ಕ ಹಿಡಿಯಬಾರದು, ಒಣ ಮಣ್ಣು ಹೇಗೂ ಹೀರುತ್ತದೆ. ಎರಡನೇ ಸಲವೂ ಒಂದು ಗೇಣಿಗಿಂತ ಹೆಚ್ಚು ಇಳಿದರೆ ಅಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸದ ಹೊಂಡದಲ್ಲಿ ನೀರು ನಿಲ್ಲುವುದಿಲ್ಲ. ಅದೇ ಜಾಗ ನೀರು ಇಂಗಿಸಲು ಒಳ್ಳೆಯದು.

ಬದು: ಅಗ್ಗ, ಆದರೆ ಅಳತೆ ತಪ್ಪಬಾರದು

ಬಡಪಾಯಿಯಂತೆ ಕಾಣುವ ಬದು ಎಷ್ಟು ನೀರು ಹಿಡಿಯುತ್ತದೆ? ಶೇ 2 ಇಳಿಜಾರಿನ ಹೊಲದಲ್ಲಿ 100 ಮೀಟರ್ ಉದ್ದದ ಬದುವಿಗೆ ಒರಗಿ 30 ಸೆಂ.ಮೀ. ನೀರು ನಿಂತರೆ ಅದು ಮೇಲಕ್ಕೆ 15 ಮೀಟರ್ ಹರಡಿಕೊಳ್ಳುತ್ತದೆ. ಲೆಕ್ಕ ಹಾಕಿದರೆ 2.25 ಲಕ್ಷ ಲೀಟರ್. 12 × 12 × 3 ಮೀಟರ್‌ನ ಕೃಷಿ ಹೊಂಡ, ಬದಿ 1:1 ಇಳಿಜಾರಿದ್ದರೆ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿದರೆ), ಹಿಡಿಯುವುದು 2.52 ಲಕ್ಷ ಲೀಟರ್. ಹೊಂಡದ ನೀರನ್ನು ಎಂಜಿನ್ ಇಟ್ಟು ಮೇಲೆತ್ತಬೇಕು. ಬದುವಿನ ನೀರು ಬೇರಿನ ಬಳಿಯೇ ಇಂಗುತ್ತದೆ, ಮೇಲ್ಮಣ್ಣು, ಹಾಕಿದ ಗೊಬ್ಬರ ಎಲ್ಲವೂ ಹೊಲದಲ್ಲೇ ಉಳಿಯುತ್ತದೆ.

ಬದುಗಳ ನಡುವಿನ ಅಂತರ ಇಳಿಜಾರಿನಂತೆ. ಶೇ 1 ಇಳಿಜಾರಿಗೆ ಸುಮಾರು 70 ಮೀಟರ್, ಶೇ 2ಕ್ಕೆ 40, ಶೇ 3ಕ್ಕೆ 30 ಮೀಟರ್. ಶೇ 2ರ ಹೊಲದಲ್ಲಿ ಎಕರೆಗೆ ಸುಮಾರು 100 ಮೀಟರ್ ಬದು ಬೀಳುತ್ತದೆ. ಬುಡ 1.8 ಮೀಟರ್, ನೆತ್ತಿ 45 ಸೆಂ.ಮೀ., ಎತ್ತರ 50 ಸೆಂ.ಮೀ. ಇಟ್ಟರೆ ಕೆಂಪು ಮಣ್ಣಿಗೆ ಸಾಕು. ಇದಕ್ಕೆ ಎಕರೆಗೆ 56 ಘನ ಮೀಟರ್ ಮಣ್ಣು ಬೇಕು. ಹೊಸ ಮಣ್ಣು ಒಂದು ಮಳೆಗಾಲದಲ್ಲಿ ಕಾಲುಭಾಗದಷ್ಟು ಕುಸಿದು ಕೂರುತ್ತದೆ, ಆದ್ದರಿಂದ ಕಟ್ಟುವಾಗ 65 ಸೆಂ.ಮೀ. ಎತ್ತರ ಕೊಡಿ. ಮಣ್ಣು ತೆಗೆಯಬೇಕಾದ್ದು ಮೇಲಿನ ಬದಿಯಿಂದ, ಬದುವಿನ ಬುಡದಿಂದ ಒಂದಡಿ ಬಿಟ್ಟು. ತೆಗೆದ ಕಂದಕವನ್ನು ಉದ್ದಕ್ಕೂ ಒಂದೇ ಕಾಲುವೆಯಾಗಿ ಬಿಡಬೇಡಿ. ಮೂರು ಮೀಟರ್‌ಗೊಮ್ಮೆ ಒಂದಡಿ ಮಣ್ಣನ್ನು ಅಡ್ಡಗೋಡೆಯಾಗಿ ಉಳಿಸಿ. ಇಲ್ಲದಿದ್ದರೆ ನೀರು ಕಂದಕದಲ್ಲಿ ಓಡುತ್ತ ಹೋಗಿ ತಗ್ಗಿನ ಮೂಲೆಯಲ್ಲಿ ಬದುವನ್ನು ಕಿತ್ತುಕೊಂಡು ಹೋಗುತ್ತದೆ.

ಬದು ಒಡೆಯುವುದು ಹೆಚ್ಚಾಗಿ ಕೋಡಿ ಇಲ್ಲದ್ದರಿಂದ. ಪ್ರತಿ ಬದುವಿಗೂ 30 ಸೆಂ.ಮೀ. ಎತ್ತರದಲ್ಲಿ, ಒಂದರಿಂದ ಒಂದೂವರೆ ಮೀಟರ್ ಅಗಲದ ಕೋಡಿ ಬಿಟ್ಟು, ಕಲ್ಲು ಹಾಸಿ, ನೀರು ಬೀಳುವ ಕೆಳಬದಿಗೂ ನಾಲ್ಕಡಿ ಕಲ್ಲು ಜೋಡಿಸಿ. ಮೇಲಿನ ಬದುವಿನ ಕೋಡಿ ಎಡಕ್ಕಿದ್ದರೆ ಕೆಳಗಿನದು ಬಲಕ್ಕಿರಲಿ, ಆಗ ನೀರು ಹೊಲದುದ್ದಕ್ಕೂ ಹಾದು ಹೋಗುತ್ತದೆ. ಕೊನೆಯ ಕೋಡಿ ಪಕ್ಕದವರ ಹೊಲಕ್ಕೆ ಬೀಳುವುದಾದರೆ ಕೆಲಸ ಶುರುವಾಗುವ ಮೊದಲೇ ಅವರನ್ನು ಕರೆದು ಜಾಗ ತೋರಿಸಿ ಮಾತಾಡಿಕೊಳ್ಳಿ. ಬದುವಿನ ಜಗಳಗಳಲ್ಲಿ ಮುಕ್ಕಾಲು ಪಾಲು ಕೋಡಿಯ ಜಗಳ.

ಎರಡನೇ ಶತ್ರು ಏಡಿ ಮತ್ತು ಇಲಿಯ ಬಿಲ. ಬದುವಿನ ಮೇಲೆ ಸ್ಟೈಲೋ ಹೆಮಟಾ ಬೀಜ ಚೆಲ್ಲಿ, ಕೆಳಬದಿಗೆ ಲಾವಂಚ ನೆಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ, ಸ್ಟೈಲೋ ದನಕ್ಕೂ ಆಗುತ್ತದೆ. ಗ್ಲಿರಿಸಿಡಿಯಾ ನೆಟ್ಟು ವರ್ಷಕ್ಕೆ ಎರಡು ಸಲ ಸವರಿದರೆ ಹಸಿರೆಲೆ ಗೊಬ್ಬರ ಸಿಗುತ್ತದೆ. ಸವರುವುದನ್ನು ಬಿಟ್ಟುಬಿಟ್ಟರೆ ಮಾತ್ರ ನೆರಳು ಬಿದ್ದು ಪಕ್ಕದ ನಾಲ್ಕು ಸಾಲು ರಾಗಿ ಬಡವಾಗುತ್ತದೆ.

ಬದುವಿಗೆ ಒಗ್ಗದ ನೆಲವೂ ಇದೆ. ನೀರು ನಿಲ್ಲುವ ಆ 15 ಮೀಟರ್ ಪಟ್ಟಿಯಲ್ಲಿ ತೊಗರಿ ಬೇಡ, ಎರಡು ದಿನ ಕಾಲು ನೆಂದರೆ ತೊಗರಿ ಸೊರಗುತ್ತದೆ. ರಾಗಿ ತಡೆದುಕೊಳ್ಳುತ್ತದೆ. ಆಳ ಎರೆ ಭೂಮಿಯಲ್ಲಂತೂ ಸಮಪಾತಳಿ ಬದು ಹಾಕಲೇಬಾರದು. ಬೇಸಿಗೆಯಲ್ಲಿ ನೆಲದ ಜೊತೆ ಬದುವೂ ಬಿರಿಯುತ್ತದೆ, ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಬದುವನ್ನು ಒಡೆಯುತ್ತದೆ. ಅಲ್ಲಿ ನೀರನ್ನು ನಿಧಾನಕ್ಕೆ ಹೊರಗೆ ಸಾಗಿಸುವಂತೆ, ಸ್ವಲ್ಪ ಓಟ ಕೊಟ್ಟು (100 ಮೀಟರ್‌ಗೆ 10ರಿಂದ 40 ಸೆಂ.ಮೀ.) ಹಾಕುವ ಇಳುಕಲು ಬದುವೇ ಸರಿ. ವರ್ಷಕ್ಕೆ 700 ಮಿ.ಮೀ. ಮೀರಿ ಮಳೆ ಬೀಳುವ ಕಡೆಗೂ ಅದೇ.

ಎರೆಯವರಿಗೆ ಚೌಕು ಮಡಿ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆ ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುವವರಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒಣಬೇಸಾಯದ ಸಂಶೋಧನೆ ವಿಜಯಪುರದಲ್ಲಿ 1930ರ ದಶಕದಿಂದಲೇ ನಡೆದಿದೆ, ಅಲ್ಲಿಂದ ಬರುವ ಮುಖ್ಯ ಶಿಫಾರಸುಗಳಲ್ಲಿ ಚೌಕು ಮಡಿಯೂ ಒಂದು. ಜೂನ್-ಜುಲೈನಲ್ಲಿ ಒಮ್ಮೆ ಹರಗಿ ಕಳೆ ತೆಗೆದು, ಎತ್ತಿನ ಅಥವಾ ಟ್ರ್ಯಾಕ್ಟರ್‌ನ ಮಡಿ ಕಟ್ಟುವ ಸಲಕರಣೆಯಿಂದ ಉದ್ದಕ್ಕೂ ಅಡ್ಡಕ್ಕೂ 15-20 ಸೆಂ.ಮೀ. ಎತ್ತರದ ಏರಿ ಎಬ್ಬಿಸಬೇಕು. ಹೆಚ್ಚುಕಡಿಮೆ ಸಮವಾದ ನೆಲಕ್ಕೆ 15 ಅಡಿ ಚೌಕ, ಇಳಿಜಾರು ಶೇ 2 ದಾಟಿದರೆ 10 ಅಡಿ ಚೌಕ. ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ. ಸೆಪ್ಟೆಂಬರ್‌ನಲ್ಲಿ ಕುಂಟೆ ಹೊಡೆದು ಮಡಿ ಅಳಿಸಿ ಬಿತ್ತಬಹುದು. ತಡವಾಗಿ, ಅಂದರೆ ಮಘೆ-ಹುಬ್ಬೆ ಮಳೆ ಬಂದ ಮೇಲೆ ಕಟ್ಟಲು ಹೋದರೆ ಎರೆ ಅಂಟಿಕೊಂಡು ಎತ್ತೂ ಟ್ರ್ಯಾಕ್ಟರೂ ಒಳಗೆ ಇಳಿಯುವುದಿಲ್ಲ. ಇದರ ಸೋಲೆಲ್ಲ ಆ ಒಂದು ತಡದಲ್ಲೇ ಇದೆ.

ಕೃಷಿ ಹೊಂಡ: ದುಬಾರಿ, ಆದರೆ ಬೆಳೆ ಉಳಿಸುವ ಒಂದು ನೀರು

ಬದು ಬೇರಿನ ಬಳಿ ತೇವ ಇಡುತ್ತದೆ, ಅಷ್ಟೆ. ಇಪ್ಪತ್ತೈದು ದಿನ ಮಳೆ ಇಲ್ಲದಾಗ, ರಾಗಿ ತೆನೆ ಹೊಡೆಯುವ ಹೊತ್ತಿಗೆ ಅಥವಾ ತೊಗರಿ ಕಾಯಿಕಟ್ಟುವ ಹೊತ್ತಿಗೆ ಒಂದು ನೀರು ಕೊಡಲು ಸಂಗ್ರಹ ಬೇಕೇ ಬೇಕು. 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಹೊಂಡವನ್ನು ಹಾಳೆ, ಎಂಜಿನ್, ಸ್ಪ್ರಿಂಕ್ಲರ್ ಎಲ್ಲದರ ಜೊತೆ ಒಂದು ಗಂಟಾಗಿ ಕೊಟ್ಟದ್ದರ ಹಿಂದಿನ ವಿಚಾರವೂ ಇದೇ. ಬರೀ ಗುಂಡಿ ತೋಡಿ ಎಂಜಿನ್ ಇಲ್ಲದೆ ಕೂತವರಿಗೆ ಹೊಂಡ ದಂಡ.

ಗಾತ್ರದ ಲೆಕ್ಕ ಹೀಗೆ. ಬದಿ 1:1 ಇಳಿಜಾರು, ಆಳ 3 ಮೀಟರ್ ಇದ್ದರೆ 10 ಮೀಟರ್ ಚೌಕದ ಹೊಂಡ 1.56 ಲಕ್ಷ ಲೀಟರ್, 15 ಮೀಟರಿನದು 4.41 ಲಕ್ಷ, 21 ಮೀಟರಿನದು 9.81 ಲಕ್ಷ ಲೀಟರ್ ಹಿಡಿಯುತ್ತದೆ. ಚೌಕದ ಉದ್ದ ಎರಡು ಪಟ್ಟಾದರೆ ನೀರು ಹೆಚ್ಚುಕಡಿಮೆ ಆರು ಪಟ್ಟಾಗುತ್ತದೆ, ಆದ್ದರಿಂದ ಎರಡು ಚಿಕ್ಕ ಹೊಂಡಕ್ಕಿಂತ ಒಂದು ದೊಡ್ಡದು ಲೇಸು. ಎರೆ ಮಣ್ಣಿಗೆ 1:1 ಸಾಲದು, ನೆಂದ ಬದಿ ಜಾರಿ ಒಳಗೆ ಬೀಳುತ್ತದೆ. 1.5:1 ಕೊಡಬೇಕು. ಆಗ ಅದೇ 12 ಮೀಟರ್ ಹೊಂಡ 1.89 ಲಕ್ಷಕ್ಕೆ ಇಳಿಯುತ್ತದೆ. ಜಾಗದ ಲೆಕ್ಕವನ್ನೂ ಮರೆಯಬೇಡಿ. 12 ಮೀಟರ್ ಹೊಂಡಕ್ಕೆ ಸುತ್ತ ಓಡಾಡುವ ಜಾಗ, ಮಣ್ಣಿನ ರಾಶಿ ಸೇರಿ ಮೂರು ಗುಂಟೆ ಮೀರುತ್ತದೆ. ಹೊಂಡದ ಅಂಚಿಗೂ ರಾಶಿಗೂ ನಡುವೆ ಒಂದೂವರೆ ಮೀಟರ್ ಖಾಲಿ ಬಿಡದಿದ್ದರೆ ತೆಗೆದ ಮಣ್ಣೇ ಮರಳಿ ಹೊಂಡ ಸೇರುತ್ತದೆ.

ಜೆಸಿಬಿ ಬರುವ ಮುಂಚೆ ಜಾಗ ನಿಗದಿಯಾಗಿರಲಿ. ಹಳ್ಳದ ಹರಿವಿನ ನಡುವೆ ಬೇಡ, ಒಂದೇ ವರ್ಷದಲ್ಲಿ ಹೂಳು ತುಂಬುತ್ತದೆ. ಹರಿವಿನ ಪಕ್ಕಕ್ಕೆ, ಹೊಲದ ತಗ್ಗಿನ ಕಡೆ ಇಟ್ಟು ಒಂದು ಕಾಲುವೆಯಿಂದ ನೀರು ತಿರುಗಿಸಿ. 12 ಮೀಟರ್ ಹೊಂಡಕ್ಕೆ ಎರಡು-ಮೂರು ಎಕರೆಯ ಹರಿವು ಬಂದರೆ ಮಳೆ ಕಡಿಮೆಯಾದ ವರ್ಷವೂ ಒಮ್ಮೆಯಾದರೂ ತುಂಬೀತು. ಒಳಹರಿವಿನ ಬಾಯಿಗೆ ಮೂರು ಮೀಟರ್ ಮೊದಲೇ 2 × 1.5 × 1 ಮೀಟರ್‌ನ ಹೂಳುಗುಂಡಿ ತೆಗೆದು, ಅಲ್ಲಿಂದ ಹೊಂಡಕ್ಕೆ ಕಲ್ಲು ಹಾಸಿದ ಜಾರುಬದಿ ಮಾಡಿ. ಹೊರಹರಿವಿನ ಬಾಯಿ ಒಳಬಾಯಿಗಿಂತ 10-15 ಸೆಂ.ಮೀ. ತಗ್ಗಿರಲಿ. ಹೂಳುಗುಂಡಿಯನ್ನು ಪ್ರತಿ ದೊಡ್ಡ ಮಳೆಯ ನಂತರ ಬರಿದು ಮಾಡುವವರ ಹೊಂಡ ಹತ್ತಾರು ವರ್ಷ ಬಾಳುತ್ತದೆ.

ಹಾಳೆ ಬೇಕೇ? ಗುಂಡಿ ಪರೀಕ್ಷೆಯಲ್ಲಿ ನೀರು ನಿಂತ ಎರೆ ಭೂಮಿಗೆ ಬೇಡ. ಕೆಂಪು ಮಣ್ಣು, ಗರಸು ನೆಲಕ್ಕೆ ಹಾಳೆ ಇಲ್ಲದೆ ನಡೆಯುವುದಿಲ್ಲ. 500 ಮೈಕ್ರಾನ್ ದಪ್ಪ, ಐಎಸ್ 15351 ಗುರುತು ಇರುವುದನ್ನೇ ಕೇಳಿ. 12 × 12 × 3ರ ಹೊಂಡಕ್ಕೆ ಅಂಚಿನಲ್ಲಿ ಹೂಳುವ ಒಂದೊಂದು ಮೀಟರ್ ಸೇರಿ 16.5 ಮೀಟರ್ ಚೌಕದ ಹಾಳೆ ಬೇಕು, ಅಂದರೆ 272 ಚದರ ಮೀಟರ್. ಕೆಲಸದ ಕ್ರಮ ಮುಖ್ಯ. ಬದಿಯ ಚೂಪುಗಲ್ಲು, ಬೇರು ಎಲ್ಲ ಕಿತ್ತು, ಜರಡಿ ಹಿಡಿದ ಮಣ್ಣು ಬಳಿದು ನುಣುಪು ಮಾಡಿ. ತುಂಗೆ ಗಡ್ಡೆ ಇದ್ದರೆ ಅಗೆದು ತೆಗೆಯಿರಿ, ಅದರ ಮೊಳಕೆ ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಹಾಳೆಯನ್ನು ಬೆಳಗಿನ ತಂಪಿನಲ್ಲಿ, ಬಿಗಿಯಾಗಿ ಎಳೆಯದೆ ಸಡಿಲವಾಗಿ ಹಾಸಿ, ಅಂಚಿನಿಂದ ಎರಡಡಿ ಆಚೆ ತೋಡಿದ ಒಂದೂವರೆ ಅಡಿ ಆಳದ ಕಾಲುವೆಯಲ್ಲಿ ತುದಿ ಹೂತು ಮಣ್ಣು ತುಳಿಯಿರಿ. ಬಿಗಿಯಾಗಿ ಎಳೆದು ಹಾಸಿದ್ದು ನೀರಿನ ಭಾರಕ್ಕೆ ಮೂಲೆಯಲ್ಲಿ ಹರಿಯುತ್ತದೆ. ತೀರಾ ತಗ್ಗಿನಲ್ಲಿ, ಪಕ್ಕದಿಂದ ಜಿನುಗು ಬರುವ ಕಡೆ ಹಾಕಿದರೆ ಅಡಿಯಿಂದ ನೀರು ತಳ್ಳಿ ಹಾಳೆ ಉಬ್ಬಿ ತೇಲುತ್ತದೆ. ಅಂಥ ಜಾಗದಲ್ಲಿ ಹಾಳೆ ಇಲ್ಲದ ಹೊಂಡವೇ ತುಂಬಿರುತ್ತದಲ್ಲ, ಹಾಳೆಯ ದುಡ್ಡು ಉಳಿಯಿತೆಂದುಕೊಳ್ಳಿ.

ಹಾಳೆಯ ಹೊಂಡಕ್ಕೆ ಬೇಲಿ ಇಲ್ಲದಿದ್ದರೆ ಕೆಲಸ ಮುಗಿದಂತಲ್ಲ. ಒದ್ದೆಯಾದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಈಜು ಬಲ್ಲವರೂ ಹತ್ತಿ ಬರಲಾರರು, ಮಕ್ಕಳ ಮಾತು ಬಿಡಿ. ಸುತ್ತ ಐದಡಿ ತಂತಿ ಅಥವಾ ನೆರಳುಬಲೆಯ ಬೇಲಿ, ಒಂದು ಗೇಟು, ನಾಲ್ಕೂ ಬದಿಗೆ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ನೀರಿನಲ್ಲಿ ತೇಲುವ ಒಂದೆರಡು ಟ್ಯೂಬು ಇರಲೇಬೇಕು. ಕುರಿ, ದನ ನೀರು ಕುಡಿಯಲು ಹೊಂಡಕ್ಕೆ ಇಳಿಯಕೂಡದು, ಗೊರಸು ಹಾಳೆಯನ್ನು ಸೀಳುತ್ತದೆ. ಪೈಪು ಹಾಕಿ ಹೊರಗೊಂದು ತೊಟ್ಟಿ ಕಟ್ಟಿ. ಒಂದು ಹಸುವಿಗೆ ದಿನಕ್ಕೆ 40-50 ಲೀಟರ್ ಲೆಕ್ಕ ಹಿಡಿಯಿರಿ.

ನೀರು ಕೊಡುವ ಬಗೆ: ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೆಟ್ಟಿನಲ್ಲಿ 30 ಪೈಪು, 5 ಜೆಟ್ ಇರುತ್ತವೆ. ಒಂದು ಜೆಟ್ ಗಂಟೆಗೆ ಸುಮಾರು 1,800 ಲೀಟರ್ ಹಾರಿಸಿದರೆ ಐದಕ್ಕೆ 9,000. ಎಕರೆಗೆ 25 ಮಿ.ಮೀ. ನೀರು, ಅಂದರೆ ಒಂದು ಲಕ್ಷ ಲೀಟರ್ ಕೊಡಲು 11 ಗಂಟೆ ಎಂಜಿನ್ ಓಡಬೇಕು, ಜೆಟ್ಟುಗಳನ್ನು ಎರಡೆರಡು ಗಂಟೆಗೆ ಆರು ಸಲ ಜಾಗ ಬದಲಿಸಬೇಕು. ಹಾಗಾಗಿ 12 ಮೀಟರ್ ಹೊಂಡ ಎರಡು ಎಕರೆಗೆ ಒಂದು ನೀರು, ಅಷ್ಟೇ. ಹಾಯಿನೀರಾಗಿ ಬಿಟ್ಟರೆ ಒಂದು ಎಕರೆಗೂ ಸಾಲದು. ಹೊಂಡದ ನೀರು ನಂಬಿ ಬಾಳೆ, ಟೊಮೆಟೊ ಹಾಕುವ ಮೊದಲು ಈ ಗುಣಾಕಾರ ಮಾಡಿ ನೋಡಿ.

ಯಾವಾಗ ಕೊಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಜುಲೈನಲ್ಲಿ ಹೊಂಡ ತುಂಬಿರುತ್ತದೆ, ಬೆಳೆ ಬಾಡುತ್ತಿರುತ್ತದೆ, ಆದರೂ ಮುಂದಕ್ಕೆ ಬೇಕಾದೀತೆಂದು ನೀರನ್ನು ಮುಟ್ಟುವುದಿಲ್ಲ. ದಕ್ಷಿಣದ ಕೆಂಪು ನೆಲದಲ್ಲಿ ದೊಡ್ಡ ಮಳೆಗಳು ಬರುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಗ ತುಂಬಿದ ಹೊಂಡಕ್ಕೆ ಬಂದ ನೀರು ಕೋಡಿ ಬಿದ್ದು ಹೋಗುತ್ತದೆ, ಬರಿದಾದ ಹೊಂಡ ಹಿಡಿದಿಡುತ್ತದೆ. ಆಗಸ್ಟ್ ಮುಗಿಯುವ ಮೊದಲು ಬೆಳೆ ಬಾಡಿದರೆ ಧಾರಾಳವಾಗಿ ಬಳಸಿ. ಅಕ್ಟೋಬರ್ ನಂತರ ಕೈ ಬಿಗಿ ಹಿಡಿಯಿರಿ. ಇಟ್ಟುಕೊಂಡರೂ ಬಿಸಿಲು ಬಿಡುವುದಿಲ್ಲ. ದಿನಕ್ಕೆ 5 ಮಿ.ಮೀ. ಆವಿಯಾದರೆ 12 ಮೀಟರ್ ಹೊಂಡದಿಂದ 720 ಲೀಟರ್, ತಿಂಗಳಿಗೆ 21,000 ಲೀಟರ್ ಮೀರಿ ಹಾರಿಹೋಗುತ್ತದೆ.

ಇನ್ನೊಂದು ಮಾತು. ಹೊಂಡಕ್ಕೆ ಬೋರ್ ನೀರು ತುಂಬಿಸಿಡುವ ರೂಢಿ ಹೆಚ್ಚಾಗಿದೆ. ಒಂದಿಂಚೂ ಬಾರದ ಬೋರಿನಿಂದ ಏಳು ಗಂಟೆಯ ತ್ರೀ ಫೇಸ್ ಕರೆಂಟಿನಲ್ಲಿ ಬಂದಷ್ಟನ್ನು ಕೂಡಿಟ್ಟು ಡ್ರಿಪ್‌ಗೆ ಬಿಡುವುದಾದರೆ ಅರ್ಥವಿದೆ. ತಿಂಗಳುಗಟ್ಟಲೆ ತುಂಬಿಸಿಡುವುದು ಮಾತ್ರ ನೆಲದ ಅಡಿಯ ನೀರನ್ನು ಕರೆಂಟು ಖರ್ಚು ಮಾಡಿ ಮೇಲೆತ್ತಿ ಬಿಸಿಲಿಗೆ ಒಣಹಾಕಿದಂತೆ.

ಸಹಾಯಧನ ಬೇಕಿದ್ದರೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆ ವರ್ಷದ ಗುರಿ, ದರ ಕೇಳಿ. ಆದೇಶ ಕೈಗೆ ಬರುವ ಮೊದಲು ಅಗೆಯಬೇಡಿ. ಖಾಲಿ ಜಾಗದ ಜಿಪಿಎಸ್ ಫೋಟೊ ಇಲ್ಲದ ಹೊಂಡಕ್ಕೆ ಬಿಲ್ ಆಗುವುದು ಕಷ್ಟ.

ಬೋರ್ ಮರುಪೂರಣ: ಮೊದಲು ಟ್ಯಾಂಕರ್ ತರಿಸಿ

ಕರ್ನಾಟಕದ ಬಹುಪಾಲು ನೆಲದ ಅಡಿ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕಿನಲ್ಲಿ ಮತ್ತು ಮೇಲಿನ ಶಿಥಿಲ ಪದರದಲ್ಲಿ. ನಿಮ್ಮ ಬೋರ್ ಬಿರುಕಿಗೆ ತಗುಲಿದ್ದರೆ ನೀರು ಕುಡಿಯುತ್ತದೆ, ಇಲ್ಲದಿದ್ದರೆ ಅದು ಬರೀ ಉದ್ದನೆಯ ಕೊಳವೆ. ಇದನ್ನು ತಿಳಿಯಲು ಒಂದೇ ದಿನ ಸಾಕು. ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ಗುರುತಿಸಿಕೊಳ್ಳಿ. 6,000 ಲೀಟರ್‌ನ ಒಂದು ಟ್ಯಾಂಕರ್ ತಿಳಿನೀರನ್ನು ಬೋರಿಗೆ ಬಿಡಿ. ಒಂದೆರಡು ಗಂಟೆಯಲ್ಲಿ ಮಟ್ಟ ಮೊದಲಿನ ಜಾಗಕ್ಕೆ ಇಳಿದರೆ ಬೋರ್ ಯೋಗ್ಯ. ಬಾಯಿವರೆಗೆ ಬಂದು ಅಲ್ಲೇ ನಿಂತರೆ ಅದರ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬತ್ತಿಹೋದ ಹಳೆಯ ಬೋರ್ ಕೂಡ ಕೆಲವೊಮ್ಮೆ ಚೆನ್ನಾಗಿ ಕುಡಿಯುತ್ತದೆ, ಅದನ್ನೂ ಪರೀಕ್ಷಿಸಿ.

ಯೋಗ್ಯವಾದರೆ ಕೇಸಿಂಗ್ ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ. ಮೋಟಾರು ಮೇಲೆತ್ತಿ, ಗುಂಡಿಯ ತಳಭಾಗದ ನಾಲ್ಕೈದು ಅಡಿ ಕೇಸಿಂಗ್‌ಗೆ 6-8 ಮಿ.ಮೀ. ತೂತುಗಳನ್ನು ಡ್ರಿಲ್ ಮಾಡಿ, ಸಣ್ಣ ಕಣ್ಣಿನ ನೈಲಾನ್ ಜಾಲರಿಯನ್ನು ಎರಡು ಸುತ್ತು ಬಿಗಿಯಬೇಕು. ಗ್ಯಾಸ್ ಕಟರ್‌ನಲ್ಲಿ ಕೊಯ್ದ ದೊಡ್ಡ ಸೀಳಿನಿಂದ ಮಣ್ಣೆಲ್ಲ ಒಳಗೆ ಹೋಗುತ್ತದೆ. ಗುಂಡಿಗೆ ಕೆಳಗಿನಿಂದ ನಾಲ್ಕೂವರೆ ಅಡಿ ಗುಂಡುಕಲ್ಲು, ಒಂದೂವರೆ ಅಡಿ 40 ಎಂಎಂ ಜಲ್ಲಿ, ಒಂದಡಿ 20 ಎಂಎಂ ಜಲ್ಲಿ, ಮೇಲೆ ಜಾಲರಿ ಹಾಸಿ ಒಂದೂವರೆ ಅಡಿ ಮರಳು. ಉಳಿದ ಒಂದೂವರೆ ಅಡಿ ನೀರು ನಿಲ್ಲಲು. ಒಟ್ಟು 850 ಘನ ಅಡಿ ಸಾಮಗ್ರಿ, ಎಂಟೊಂಬತ್ತು ಟ್ರ್ಯಾಕ್ಟರ್ ಲೋಡು. ಕೇಸಿಂಗ್ ಬಾಯಿ ನೆಲದಿಂದ ಎರಡಡಿ ಮೇಲಿದ್ದು ಮುಚ್ಚಳ ಬಿಗಿಯಾಗಿರಲಿ. ಎಲ್ಲ ಮುಗಿದ ಮೇಲೆ ಬೋರನ್ನು ಫ್ಲಶ್ ಮಾಡಿಸಿ ಮೋಟಾರು ಇಳಿಸಿ.

ಕಲ್ಲು, ಜಲ್ಲಿ ತುಂಬಿದ ಗುಂಡಿಯಲ್ಲಿ ಒಮ್ಮೆಗೆ ನಿಲ್ಲುವುದು ಹತ್ತು ಸಾವಿರ ಲೀಟರ್ ಆಸುಪಾಸು. ಎರಡು ಎಕರೆಯಿಂದ ಒಂದು ಹದ ಮಳೆಗೆ ಐದರಲ್ಲೊಂದು ಪಾಲು ಹರಿದರೂ 40,000 ಲೀಟರ್ ಬರುತ್ತದೆ. ಉಳಿದದ್ದು ಹೊರಗೆ ಹೋಗುತ್ತದೆ, ಬಂದದ್ದೂ ಕೆಸರುನೀರು. ಕೆಸರು ಮರಳನ್ನು ದಾಟಿದರೆ ಬಂಡೆಯ ಬಿರುಕಿಗೇ ಬಿರಡೆ ಬೀಳುತ್ತದೆ, ಅದನ್ನು ಬಿಚ್ಚಲಾಗುವುದಿಲ್ಲ. ಆದ್ದರಿಂದ ಮರುಪೂರಣಕ್ಕೆ ಉತ್ತಮ ನೀರೆಂದರೆ ಕೃಷಿ ಹೊಂಡದ ಕೋಡಿ ನೀರು. ಮಣ್ಣು ಹೊಂಡದಲ್ಲೇ ತಳ ಸೇರಿರುತ್ತದೆ. ಹೊಂಡ ಮೊದಲು, ಮರುಪೂರಣ ಆಮೇಲೆ ಎನ್ನುವುದಕ್ಕೆ ಇದೂ ಕಾರಣ. ಹಂಗಾಮಿನ ಮೊದಲ ಒಂದೆರಡು ಮಳೆಯ ನೀರನ್ನು ಒಳಗೆ ಬಿಡದೆ ತಿರುಗಿಸಿ. ಪ್ರತಿ ಬೇಸಿಗೆಯಲ್ಲಿ ಮರಳಿನ ಮೇಲಿನ ಮೂರಿಂಚು ಕೆರೆದು ಹೊಸದು ಹಾಕಿ.

ಆ ಬೋರಿನ ನೀರನ್ನು ಮನೆಯವರು ಕುಡಿಯುತ್ತಿದ್ದರೆ ನೇರ ಮರುಪೂರಣ ಬೇಡವೇ ಬೇಡ. ಔಷಧಿ ಹೊಡೆದ ಹೊಲದ, ತಿಪ್ಪೆಯ ಪಕ್ಕದ ನೀರು ಹಾಗೇ ಕೆಳಗಿಳಿಯುತ್ತದೆ. 15-20 ಅಡಿ ದೂರದಲ್ಲಿ ಇಂಗುಗುಂಡಿ ತೆಗೆದು ನೆಲವೇ ಸೋಸಿಕೊಳ್ಳಲು ಬಿಡಿ. ಇನ್ನು ಇಂಗಿಸಿದ ನೀರೆಲ್ಲ ನಿಮಗೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಬಿರುಕು ಎಲ್ಲಿಗೆ ಹೋಗುತ್ತದೋ ನೀರು ಅಲ್ಲಿಗೆ. ಪಕ್ಕದ ತೋಟದವರ ಬೋರ್ ಚುರುಕಾದರೆ ಅಚ್ಚರಿಪಡಬೇಡಿ. ಅಕ್ಕಪಕ್ಕದ ನಾಲ್ಕು ಜನ ಕೂಡಿ ಖರ್ಚು ಹಂಚಿಕೊಳ್ಳುವುದು ಇಲ್ಲಿ ನ್ಯಾಯ.

ನಿಮ್ಮ ಹೊಲ ಯಾವ ಬಗೆ?

ಎರಡೆಕರೆ ಒಳಗಿನ ಕೆಂಪು ಹೊಲ, ರಾಗಿ-ಅವರೆ ಬೆಳೆಯುವವರು, ಕೈಯಲ್ಲಿ ದುಡ್ಡಿಲ್ಲ: ಬದು ಮಾತ್ರ. ಉದ್ಯೋಗ ಖಾತ್ರಿಯಲ್ಲಿ ಆಗುತ್ತದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಮೂರು ಗುಂಟೆ ಹೊಂಡಕ್ಕೆ ಬಿಡುವಷ್ಟು ಜಾಗ ನಿಮಗಿಲ್ಲ. ಹತ್ತಿರದ ಕೆರೆಯಲ್ಲಿ ಹೂಳೆತ್ತುತ್ತಿದ್ದರೆ ಎಕರೆಗೆ 20-25 ಟ್ರ್ಯಾಕ್ಟರ್ ಕೆರೆಗೋಡು ಹೊಡೆಸಿ, ಮರಳು ಮಿಶ್ರಿತ ಕೆಂಪು ಮಣ್ಣು ತೇವ ಹಿಡಿಯುವ ಶಕ್ತಿ ಕಂಡಾಪಟ್ಟೆ ಸುಧಾರಿಸುತ್ತದೆ. ಚೌಳು ಗೋಡು ಬೇಡ. ಒಣಗಿದಾಗ ಮೇಲೆ ಬಿಳಿ ಪುಡಿ ಕಂಡರೆ ಬಿಟ್ಟುಬಿಡಿ.

ನಾಲ್ಕೈದು ಎಕರೆ, ಮೇಲಿನಿಂದ ಹರಿವೂ ಬರುತ್ತದೆ: ಮೊದಲ ವರ್ಷ ಬದು, ಎರಡನೇ ವರ್ಷ 12 ಅಥವಾ 15 ಮೀಟರ್ ಹೊಂಡ. ಬದು ಹಾಕಿದ ಮೇಲೆ ಹೊಂಡಕ್ಕೆ ನೀರೇ ಬರುವುದಿಲ್ಲವಲ್ಲ ಎಂಬ ಅನುಮಾನ ಸಹಜ. ಸಣ್ಣ ಮಳೆಯ ನೀರು ಬರುವುದಿಲ್ಲ, ನಿಜ. ದೊಡ್ಡ ಮಳೆಯಲ್ಲಿ ಕೋಡಿ ಬಿದ್ದದ್ದು, ಅದೂ ತಿಳಿಯಾಗಿ, ಬಂದೇ ಬರುತ್ತದೆ.

ಅಡಿಕೆ, ತೆಂಗಿನ ತೋಟ, ಬೋರ್ ಸೊರಗುತ್ತಿದೆ: ಇಲ್ಲಿ ಮಾತ್ರ ಮರುಪೂರಣ ಮುಂದೆ ಬರುತ್ತದೆ, ಟ್ಯಾಂಕರ್ ಪರೀಕ್ಷೆ ಪಾಸಾದರೆ. ಜೊತೆಗೆ ಹಾಯಿನೀರು ಬಿಟ್ಟು ಡ್ರಿಪ್‌ಗೆ ಬನ್ನಿ. ಗರಿ, ಸಿಪ್ಪೆಯನ್ನು ಬುಡಕ್ಕೆ ಹೊದಿಸಿ. ತೋಟದಲ್ಲಿ ಹೊದಿಕೆ ಸುಲಭ. ರಾಗಿ ಹೊಲದಲ್ಲಿ ಹೊದಿಕೆ ಮಾಡಿ ಎನ್ನುವ ಸಲಹೆಯನ್ನು ನಾವು ಕೊಡುವುದಿಲ್ಲ. ರಾಗಿ ಹುಲ್ಲು ದನಕ್ಕೇ ಸಾಲುವುದಿಲ್ಲ.

ಗುತ್ತಿಗೆ ಅಥವಾ ಕೋರು ಹೊಲ: ಬೇರೆಯವರ ನೆಲದಲ್ಲಿ ಹೊಂಡ ತೋಡಲಾಗದು, ಬದುವಿಗೂ ಒಡೆಯರು ಒಪ್ಪಬೇಕು. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಏಪ್ರಿಲ್-ಮೇ ಮಳೆಗೆ ಇಳಿಜಾರಿಗೆ ಅಡ್ಡಲಾಗಿ ಒಂದು ಉಳುಮೆ ಮಾಡಿ, ಬಿತ್ತನೆಯನ್ನೂ ಅಡ್ಡ ಸಾಲಿನಲ್ಲೇ ಮಾಡಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲಿನ ನಡುವೆ ಬಿತ್ತನೆಯಾದ ತಿಂಗಳೊಳಗೆ ನೇಗಿಲಿನಿಂದ ಒಂದು ಆಳ ಸಾಲು ಎಳೆಯಿರಿ. ಹರಿಯುವ ನೀರು ಅಲ್ಲಿ ನಿಂತು ಇಂಗುತ್ತದೆ, ರಾಗಿ ಕೊಯ್ದ ಮೇಲೂ ಹೊಲದಲ್ಲಿರುವ ತೊಗರಿಗೆ ಆ ತೇವ ಸಿಗುತ್ತದೆ. ಕೊನೆಯಲ್ಲಿ ಆ ಸಾಲಿನ ಬಾಯಿಯನ್ನು ಎರಡು ಸನಿಕೆ ಮಣ್ಣು ಹಾಕಿ ಕಟ್ಟಲು ಮರೆಯಬೇಡಿ. ಬಾಯಿ ತೆರೆದಿದ್ದರೆ ಅದೇ ಸಾಲು ಮಳೆನೀರನ್ನು ಹೊಲದಿಂದಾಚೆ ಸಾಗಿಸುವ ಕಾಲುವೆಯಾಗುತ್ತದೆ.